ಉಪಗ್ರಹಕ್ಕೆ ವಾಸ್ತು ಗೊತ್ತಿಲ್ಲ

ನನ್ನ ಭಾವಮೈದುನನಿಗೆ ಎದುರಿಗೆ ನಿಂತ ಎಮ್ಮೆ ಕಾಣುವುದಿಲ್ಲ. ಆಕಾಶದಿಂದ ನೋಡಿದರೆ ಮಾತ್ರ ಅದು ಎಷ್ಟು ಬಡವಾಗಿದೆ ಎಂದು ಬೆರಳಗಲದ ಲೆಕ್ಕದಲ್ಲಿ ಹೇಳಿಬಿಡುತ್ತಾನೆ. ಉಪಗ್ರಹದ ರಾಡಾರ್ ಚಿತ್ರಗಳನ್ನು ಒಂದರಿಂದ ಒಂದು ಕಳೆದು, ನೆಲ ಎಲ್ಲಿ ಕುಸಿಯುತ್ತಿದೆ ಎಂದು ಹುಡುಕುವುದು ಅವನ ಉದ್ಯೋಗ. ಒಂದೇ ಚಿತ್ರ ನೋಡಿದರೆ ರಾಗಿ ಚೆಲ್ಲಿದಂತೆ ಬರೀ ಚುಕ್ಕೆಗಳು. ಹತ್ತಾರು ಚಿತ್ರಗಳ ಸರಾಸರಿ ತೆಗೆದರೆ ಗದ್ದಲ ಅಡಗಿ ನಿಜ ಕಾಣುತ್ತದಂತೆ. ಸರಿ, ಒಪ್ಪೋಣ. ಆದರೆ ಬಂಗಾರಪೇಟೆಯ ಪಾನಿಪೂರಿ ಗಾಡಿಯ ಮುಂದೆಯೂ ಸರಾಸರಿಯೇ?

“ಎಂಗೈತೆ?” ಅಂದರೆ, “ಒಂದರಲ್ಲಿ ಏನ್ ಗೊತ್ತಾಯ್ತದೆ ಭಾವ, ಇನ್ನೊಂದ್ ಪ್ಲೇಟ್ ಬರ್ಲಿ” ಅನ್ನುತ್ತಾನೆ. ನಾಲ್ಕನೇ ಪ್ಲೇಟಿಗೆ ತೀರ್ಪು: ಚೆನ್ನಾಗಿದೆ. ನನಗದು ಮೊದಲ ತುತ್ತಿಗೇ ಗೊತ್ತಾಗಿರುತ್ತದೆ, ಜೇಬು ನನ್ನದಲ್ಲವೇ?

ಇಂಥವನಿಗೆ, ಚಿನ್ನದ ಗಣಿ ಪ್ರದೇಶದ ಕೋರಮಂಡಲ್‌ನಲ್ಲಿ ಹಳೆಯ ಮನೆಯೊಂದನ್ನು ಕೊಂಡ ಸುದ್ದಿ ಹೇಳಿದ್ದೇ ತಪ್ಪಾಯಿತು. ಹೆಂಡತಿ ಬಹಳ ಆಸೆಪಟ್ಟ ಮನೆ ಅದು. ಹಳೆ ಮನೆ ಕೊಳ್ಳುವವರಿಗೆ ನನ್ನದೊಂದು ಸಲಹೆ: ಬಾಗಿಲುಗಳನ್ನೆಲ್ಲ ಹಾಕಿ ತೆಗೆದು ನೋಡಿ, ಎಲ್ಲೂ ಹಿಡಿಯದಿದ್ದರೆ ನೆಲ ಗಟ್ಟಿ. ನಾನು ಹಾಗೆ ನೋಡಿಯೇ ಬೀಗದ ಕೈ ಇಸಿದುಕೊಂಡಿದ್ದೆ.

“ಕೆಳಗಡೆ ಗಣಿ ಸುರಂಗ ಐತೆ ಭಾವ. ನಾನ್ ಏಳೋಗಂಟ ಅಕ್ಕ ಅಲ್ಲಿಗ್ ಓಗ್ಬಾರ್ದು,” ಅಂದ.

ಮರುದಿನ ಮೂರು ತಗಡುಗಳನ್ನು ಗೋಡೆಯ ಮೂಲೆಯಂತೆ ಜೋಡಿಸಿ, ಆ ಮನೆಯ ಅಂಗಳದಲ್ಲಿ ಉಪಗ್ರಹದ ಕಡೆಗೆ ಬಾಯಿ ಮಾಡಿ ಓರೆಯಾಗಿ ನೆಟ್ಟ. ರಾಡಾರ್ ಅಲೆ ಅದಕ್ಕೆ ಬಡಿದು ಬಂದ ದಾರಿಗೇ ಹಿಂತಿರುಗುತ್ತದೆ. ಚಿತ್ರದಲ್ಲಿ ನಮ್ಮ ಮನೆ ಬಿಳಿ ಚುಕ್ಕೆಯಾಗಿ ಹೊಳೆಯುತ್ತದೆ. ಚುಕ್ಕೆ ಇಳಿದರೆ ನೆಲ ಇಳಿದಂತೆ. ಉಪಗ್ರಹ ಬರುವುದೋ ಹನ್ನೆರಡು ದಿನಕ್ಕೊಮ್ಮೆ. ಅದು ಬರುವಷ್ಟರಲ್ಲಿ ಪಕ್ಕದ ಮನೆಯ ಕೋಳಿ ತಗಡಿನೊಳಗೆ ಮೊಟ್ಟೆಯಿಟ್ಟಾಗಿತ್ತು.

ಒಂದು ದಿನ ಗಮನಿಸುತ್ತೇನೆ, ತಗಡಿನ ಬಾಯಿ ನೈಋತ್ಯಕ್ಕಿದೆ! ಹೊಸದಾಗಿ ಕೊಂಡ ಮನೆಗೆ ಇದು ಆಗಿಬರುತ್ತದೆಯೇ? ಯಾರನ್ನೂ ಕೇಳದೆ ಈಶಾನ್ಯಕ್ಕೆ ತಿರುಗಿಸಿ, ಅರಿಶಿನ ಕುಂಕುಮ ಹಚ್ಚಿ ಬಂದೆ.

ಮುಂದಿನ ಚಿತ್ರ ಬಂದ ದಿನ ಅವನು ಏದುಸಿರು ಬಿಡುತ್ತ ಬಂದ.

“ಭಾವ, ನಿಮ್ ಮನೆ ಇಲ್ಲ.”

“ಇಲ್ಲ ಅಂದ್ರೆ ಎಲ್ಲೋಯ್ತಲಾ? ಬೆಳಗ್ಗೆ ನಾನೇ ಬೀಗ ಆಕ್ಕೊಂಡ್ ಬಂದಿವ್ನಿ.”

ನನ್ನ ಕೈಚಳಕ ಗೊತ್ತಾದಾಗ ತಲೆ ಹಿಡಿದುಕೊಂಡು ಕೂತ. “ಉಪಗ್ರಹಕ್ ವಾಸ್ತು ಗೊತ್ತಿಲ್ಲ ಭಾವ,” ಅಂದವನು ತಗಡು ತಿರುಗಿಸಿ ಮೊದಲಿನಿಂದ ಲೆಕ್ಕ ಶುರುಮಾಡಿದ.

ಅಂತೂ ಮಳೆಗಾಲಕ್ಕೆ ಮುಂಚೆ ತೀರ್ಪು ಬಂತು. ಚುಕ್ಕೆ ಅಲುಗಿಲ್ಲ. ಸಾಮಾನು ಸಾಗಿಸಲೇ ಅಂದರೆ, “ಮಳೆಗಾಲ ಒಂದ್ ಕಳೀಲಿ” ಅಂದ. ಇದೂ ಸರಾಸರಿಯ ಕಾಯಿಲೆಯೇ ಎಂದು ಬೈದುಕೊಂಡೆ.

ನಾಲ್ಕು ಮಳೆ ಬಿದ್ದ ಮೇಲೆ, ಮನೆ ಸೋರುತ್ತಿದೆಯೇ ನೋಡೋಣವೆಂದು ಹೋದರೆ ಬಾಗಿಲು ತೆರೆದಿತ್ತು. ಒಳಗೆ ಒಂದು ಚಾಪೆ, ಒಂದು ಸ್ಟೌ, ಅಕ್ಕಿ ಆರಿಸುತ್ತ ಕೂತ ಭಾವಮೈದುನ. ಇನ್ನೊಂದು ಬೀಗದ ಕೈ ಯಾವಾಗಲೋ ಮಾಡಿಸಿಕೊಂಡು, ಮೊದಲ ಮಳೆಯ ದಿನದಿಂದಲೂ ಅಲ್ಲೇ ಮಲಗುತ್ತಿದ್ದನಂತೆ.

“ಇದೇನ್ಲಾ? ಚುಕ್ಕೆ ಅಲುಗಿಲ್ಲ ಅಂದಿದ್ದೆ?”

“ಅಲುಗಿಲ್ಲ. ಆದ್ರೆ ಲೆಕ್ಕ ಇಲ್ಲೀಗಂಟ ಆಗಿದ್ದನ್ನ ಏಳ್ತದೆ ಭಾವ, ಮುಂದಕ್ ಆಗೋದನ್ನಲ್ಲ.” ತಲೆ ಎತ್ತದೆ ಅಕ್ಕಿಯ ಕಲ್ಲು ಆರಿಸಿದ. “ನಂದೇನಾರ ತಪ್ಪಿದ್ರೆ ಮೊದ್ಲು ನನ್ ಮೇಲೆ ಬೀಳ್ಲಿ. ಅಕ್ಕಂಗ್ ಏಳ್ಬೇಡಿ.”

ನಾನು ಚಪ್ಪಲಿ ಬಿಟ್ಟು ಒಳಗೆ ಹೋಗಿ ಚಾಪೆಯ ಮೇಲೆ ಕೂತೆ.

“ಇನ್ನೊಂದ್ ಇಡಿ ಅಕ್ಕಿ ಆಕು,” ಅಂದೆ. “ನಾನೂ ಇಲ್ಲೇ ಇರ್ತೀನಿ.”