ಅಲ್ಲಾಡಬಾರದ ಅರ್ಧ ಗಂಟೆ

ಬೆಳಿಗ್ಗೆ ಒಂಬತ್ತು ಹತ್ತಕ್ಕೆ ಕಂಪ್ಯೂಟರಿನ ಪರದೆ ನೀಲಿಯಾಯಿತು. ಏನೋ ತೊಂದರೆಯಾಗಿದೆ, ಯಂತ್ರ ತಾನಾಗಿಯೇ ಮತ್ತೆ ಶುರುವಾಗುತ್ತದೆ ಎಂದು ಬಿಳಿ ಅಕ್ಷರಗಳು ಹೇಳಿದವು. ಶುರುವೂ ಆಯಿತು. ಒಂಬತ್ತು ಇಪ್ಪತ್ತಕ್ಕೆ ಮತ್ತೆ ನೀಲಿ. ಆಮೇಲೆ ಮುಕ್ಕಾಲು ಗಂಟೆ ಒಳ್ಳೆಯ ಮಗುವಿನ ಹಾಗೆ ಇತ್ತು. ಸದ್ಯ, ಸರಿಹೋಯಿತು ಎಂದು ಉಗ್ರಾಣಿ ಕಾಫಿ ಲೋಟವನ್ನು ಕೈಗೆತ್ತಿಕೊಂಡ. ಮೂರನೆಯ ಸಲ ನೀಲಿಯಾಯಿತು.

ಉಗ್ರಾಣಿ ಅವನ ಹೆಸರಲ್ಲ. ಲಿಫ್ಟ್ ತಯಾರಿಸುವ ಕಂಪನಿಯ ನೆಲಮಾಳಿಗೆಯ ಗೋದಾಮಿನಲ್ಲಿ ಹನ್ನೊಂದು ವರ್ಷದಿಂದ ನಟ್ಟು, ಬೋಲ್ಟು, ವಾಷರು ಎಣಿಸಿಕೊಡುತ್ತಿದ್ದವನನ್ನು ಆಫೀಸಿನವರು ಹಾಗೆ ಕರೆದರು, ಬೀದಿಯವರೂ ಹಾಗೆಯೇ ಕರೆದರು, ಕೊನೆಗೆ ಒಂದೆರಡು ಸಲ ಹೆಂಡತಿಯೂ ಕರೆದಳು. ಅವನು ಬೇಜಾರು ಮಾಡಿಕೊಳ್ಳಲಿಲ್ಲ. ಬೇಜಾರು ಮಾಡಿಕೊಳ್ಳುವುದಕ್ಕೂ ಒಂದು ಗತ್ತು ಬೇಕು, ಅದು ಅವನಲ್ಲಿರಲಿಲ್ಲ.

ಈಗ ಅದೇ ಕಂಪನಿಯಲ್ಲಿ ಒಂದು ಹುದ್ದೆ ಖಾಲಿಯಾಗಿತ್ತು. ತುರ್ತು ಕರೆ ಅಧಿಕಾರಿ. ಲಿಫ್ಟಿನಲ್ಲಿ ಸಿಕ್ಕಿಕೊಂಡವರು ಕೆಂಪು ಗುಂಡಿ ಒತ್ತಿದರೆ ಕರೆ ಈ ಅಧಿಕಾರಿಗೆ ಬರುತ್ತದೆ. ಮೆಕ್ಯಾನಿಕ್ ಬರುವವರೆಗೆ ಅವರು ಕಿರುಚದಂತೆ, ಬಾಗಿಲು ಒದೆಯದಂತೆ, ಸಮಾಧಾನವಾಗಿ ಮಾತಾಡಿಸುತ್ತಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಮನೆಯಲ್ಲೇ ಕೂತು ಮಾಡುವ ಕೆಲಸ. ಉಗ್ರಾಣಿಗೆ ಅದು ಬೇಕೇ ಬೇಕಾಗಿತ್ತು. ಗ್ರೀಸಿನ ವಾಸನೆ ಅವನ ಚರ್ಮಕ್ಕೇ ಅಂಟಿಕೊಂಡಿತ್ತು. ಬಸ್ಸಿನಲ್ಲಿ ಪಕ್ಕದ ಸೀಟಿನವರು ಎದ್ದು ನಿಲ್ಲುತ್ತಿದ್ದರು.

ಸಂದರ್ಶನ ಅವತ್ತೇ, ಶನಿವಾರ ಸಂಜೆ ನಾಲ್ಕಕ್ಕೆ, ಕಂಪ್ಯೂಟರಿನ ಮೂಲಕ. ಮೊಬೈಲ್ ನಡೆಯುವುದಿಲ್ಲ, ಮನೆಯ ಯಂತ್ರವೇ ಆಗಬೇಕು ಎಂದು ಪತ್ರದಲ್ಲಿತ್ತು. ಕೊನೆಯ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದರು: "ನಡುವೆ ಸಂಪರ್ಕ ಕಡಿದರೆ ಅಭ್ಯರ್ಥಿಯನ್ನು ಕೈಬಿಡಲಾಗುವುದು." ತನ್ನ ಯಂತ್ರವನ್ನೇ ಅರ್ಧ ಗಂಟೆ ಹಿಡಿದಿಟ್ಟುಕೊಳ್ಳಲಾರದವನು ಲಿಫ್ಟಿನಲ್ಲಿರುವವರನ್ನು ಏನು ಹಿಡಿದಿಟ್ಟಾನು ಎಂಬುದು ಅವರ ವಾದ. ತಪ್ಪೂ ಅಲ್ಲ.

"ರೀ, ಆಫ್ ಮಾಡಿ ಆನ್ ಮಾಡಿದ್ರಾ?" ಎಂದಳು ಹೆಂಡತಿ.

"ಮಾಡ್ದೆ."

"ಎಷ್ಟು ಸಲ?"

"ಆರು."

"ಇನ್ನೊಂದು ಸಲ ಮಾಡಿಬಿಡಿ. ಬೆಸ ಸಂಖ್ಯೆ ಆಗ್ಲಿ."

ಏಳಾಯಿತು. ಉಗ್ರಾಣಿ ರಿಪೇರಿಯವನಿಗೆ ಫೋನು ಮಾಡಿದ.

"ಪರದೆ ಕಪ್ಪಾಗುತ್ತಾ, ನೀಲಿಯಾಗುತ್ತಾ?" ಎಂದು ರಿಪೇರಿಯವನು ಕೇಳಿದ.

"ನೀಲಿ."

"ಛೆ! ಕಪ್ಪಾಗಿದ್ರೆ ಈಗ್ಲೇ ಬರ್ತಿದ್ದೆ. ನೀಲಿ ಅಂದ್ರೆ ಮಂಗಳವಾರ."

ಫೋನಿನಲ್ಲಿ ಸ್ವಲ್ಪ ಜೋರಾಗಿಯೇ ಬೇಡಿಕೊಂಡಿದ್ದರಿಂದ ಸುದ್ದಿ ಮಹಡಿ ಹತ್ತಿತು. ಐದು ನಿಮಿಷದಲ್ಲಿ ಮೇಲಿನ ಮನೆಯ ನಿವೃತ್ತ ಮೇಷ್ಟ್ರು ಇಳಿದು ಬಂದರು. ಇವರು ನಿವೃತ್ತರಾದ ವರ್ಷ ಆರು ವಾರದ ಕಂಪ್ಯೂಟರ್ ತರಬೇತಿ ಪಡೆದಿದ್ದರು. ಅದರ ಸರ್ಟಿಫಿಕೇಟಿಗೆ ಪ್ಲಾಸ್ಟಿಕ್ ಹೊದಿಸಿಕೊಂಡು, ಎಲ್ಲಿ ಹೋದರೂ ಕಂಕುಳಲ್ಲಿ ಒಯ್ಯುತ್ತಿದ್ದರು. ಅವರ ಪ್ರಕಾರ ಕಂಪ್ಯೂಟರಿಗೆ ಇರುವುದು ಒಂದೇ ರೋಗ.

"ವೈರಸ್ಸು ಕಣಯ್ಯಾ ಉಗ್ರಾಣಿ," ಎಂದರು, ಇನ್ನೂ ಹೊಸ್ತಿಲು ದಾಟಿರಲಿಲ್ಲ. "ಏಳು ಮೇಲೆ."

ಉಗ್ರಾಣಿ ಎದ್ದ. ಮೇಷ್ಟ್ರು ಕೂತರು. ಯಂತ್ರದ ಮೂಲೆಮೂಲೆ ಹುಡುಕುವ ಒಂದು ತಪಾಸಣೆ ಶುರುಮಾಡಿ, ಕೈಕಟ್ಟಿ, ಪರೀಕ್ಷಾ ಕೊಠಡಿಯಲ್ಲಿ ಕೂತ ಹಾಗೆ ಕೂತರು. ಎರಡು ಗಂಟೆ ಯಾರೂ ಏನನ್ನೂ ಮುಟ್ಟುವ ಹಾಗಿರಲಿಲ್ಲ. ಹನ್ನೆರಡೂಕಾಲಿಗೆ ತಪಾಸಣೆ ನೂರಕ್ಕೆ ತೊಂಬತ್ತೆಂಟು ಮುಗಿದಿತ್ತು. ಮೇಷ್ಟ್ರಿಗೆ ಒಂದು ಸೀನು ಬಂತು. ಕಿಟಕಿಯ ಗಾಜು ನಡುಗುವಂಥ, ಮೂವತ್ತೈದು ವರ್ಷ ಪಾಠ ಹೇಳಿದ ಎದೆಯಿಂದ ಹೊರಟ ಸೀನು. ಪರದೆ ನೀಲಿಯಾಯಿತು.

"ನೋಡಿದೆಯಾ!" ಎಂದರು ಮೇಷ್ಟ್ರು ಸಂತೋಷದಿಂದ. "ಸಿಕ್ಕಿಬೀಳ್ತೀನಿ ಅಂತ ಗೊತ್ತಾಯ್ತು, ಓಡಿಹೋಯ್ತು."

ಅಷ್ಟರಲ್ಲಿ ಹೆಂಡತಿ ಕೆಳಗಿನ ಅಂಗಡಿಯ ಎಲೆಕ್ಟ್ರಿಷಿಯನ್ನನ್ನು ಕರೆತಂದಿದ್ದಳು. ಅವನು ಗೋಡೆಯ ಸ್ವಿಚ್ಚನ್ನು ದಿಟ್ಟಿಸಿ ನೋಡಿದ, ತಲೆಯಾಡಿಸಿದ.

"ಇದು ಅರ್ಥಿಂಗ್ ಸಮಸ್ಯೆ ಸಾರ್. ವೈರಸ್ಸೂ ಇಲ್ಲ, ಗಿರಸ್ಸೂ ಇಲ್ಲ."

"ಎಷ್ಟು ವಾರ ತರಬೇತಿ ತಗೊಂಡಿದ್ದೀಯಪ್ಪಾ?" ಎಂದು ಮೇಷ್ಟ್ರು ಕೇಳಿದರು.

"ಎರಡು ಸಲ ಶಾಕ್ ಹೊಡೆಸ್ಕೊಂಡಿದ್ದೀನಿ," ಎಂದ ಎಲೆಕ್ಟ್ರಿಷಿಯನ್.

ಎಲೆಕ್ಟ್ರಿಷಿಯನ್ ಪ್ಲಗ್ ಬದಲಿಸಿದ. ನೀಲಿ. ವೈರು ಬದಲಿಸಿದ. ನೀಲಿ. ಆಮೇಲೆ ಮೇಜಿನ ಕೆಳಗೆ ನೆಲದ ಮೇಲಿದ್ದ ಕಂಪ್ಯೂಟರ್ ಪೆಟ್ಟಿಗೆಯ ಪಕ್ಕದ ತಗಡನ್ನೇ ಬಿಚ್ಚಿದ. ಒಳಗೆ ಒಂದು ದಿಂಬಿಗಾಗುವಷ್ಟು ಧೂಳಿತ್ತು. ಸೈಕಲ್ ಪಂಪಿನಿಂದ ಅದನ್ನು ಊದಿದಾಗ ಮನೆಯಲ್ಲಿದ್ದವರೆಲ್ಲ ಕೆಮ್ಮಿದರು. ಮೆಮೊರಿ ಪಟ್ಟಿಯನ್ನು ಕಿತ್ತು, ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿ, ಮತ್ತೆ ಸಿಕ್ಕಿಸಿದ. ಸ್ಕ್ರೂಡ್ರೈವರ್ ಜಾರಿ ಒಳಗಿನ ಪುಟ್ಟ ಫ್ಯಾನಿಗೆ ತಾಗಿತು. ಅದರ ಮೂರು ರೆಕ್ಕೆ ಅವನ ಕೈಗೆ ಬಂದವು. ದಪ್ಪ ವೈರಿನ ಕಟ್ಟೊಂದನ್ನು ಎಳೆದು ನೋಡಿದಾಗ ಅದರ ಕೊಂಡಿ ಟಕ್ ಎಂದು ಮುರಿಯಿತು.

"ಏನದು ಸದ್ದು?" ಎಂದ ಉಗ್ರಾಣಿ.

"ಏನಿಲ್ಲ ಸಾರ್, ಸಡಿಲ ಆಯ್ತು."

ಎಲ್ಲ ಮುಚ್ಚಿದ ಮೇಲೆ ನೆಲದ ಮೇಲೆ ಎರಡು ಸ್ಕ್ರೂ ಉಳಿದಿದ್ದವು. ಹನ್ನೊಂದು ವರ್ಷ ಒಂದೇ ಒಂದು ವಾಷರು ಹೆಚ್ಚುಕಡಿಮೆಯಾಗದಂತೆ ಬಾಳಿದವನು ಅವನ್ನು ಅಂಗೈಯಲ್ಲಿಟ್ಟುಕೊಂಡು ಎರಡು ಸಲ ಎಣಿಸಿದ.

"ಅವು ಜಾಸ್ತಿ ಸಾರ್. ಕಂಪನಿಯವರು ಯಾವಾಗ್ಲೂ ಎರಡು ಜಾಸ್ತಿ ಹಾಕಿರ್ತಾರೆ," ಎಂದು ಎಲೆಕ್ಟ್ರಿಷಿಯನ್ ಧೈರ್ಯ ಹೇಳಿದ.

ರಿಪೇರಿಗೆ ಮುಂಚೆ ಯಂತ್ರ ಮನಸ್ಸು ಬಂದಾಗ ನೀಲಿಯಾಗುತ್ತಿತ್ತು. ರಿಪೇರಿಯ ನಂತರ ನಾಲ್ಕು ನಿಮಿಷಕ್ಕೊಮ್ಮೆ ನೀಲಿಯಾಗತೊಡಗಿತು. "ಒಂದು ಶಿಸ್ತಂತೂ ಬಂತು," ಎಂದರು ಮೇಷ್ಟ್ರು.

ಗಂಟೆ ಮೂರಾಗಿತ್ತು. ಉಗ್ರಾಣಿ ಗೋಡೆಗೊರಗಿ ನೆಲದ ಮೇಲೆ ಕುಕ್ಕರಿಸಿದ. ಅವನಿಗೆ ನಿಜವಾಗಿಯೂ ಅಳು ಬಂತು. ಜೀವನದಲ್ಲಿ ಒಂದೇ ಒಂದು ಸಲ ಏನಾದರೂ ಕೇಳಿಕೊಂಡರೆ ಅದಕ್ಕೂ ಕಲ್ಲು ಬೀಳಬೇಕೇ? ಸೋಮವಾರ ಮತ್ತೆ ಅದೇ ನೆಲಮಾಳಿಗೆ, ಅದೇ ಡಬ್ಬಿ, ಅದೇ ಎಣಿಕೆ.

ಆಗ ಮೂಲೆಯಿಂದ ಒಂದು ಧ್ವನಿ ಬಂತು. "ಅಳಿಯಂದಿರೇ, ಒಂದು ಮಾತು ಹೇಳಲಾ?"

ಹೆಂಡತಿಯ ತಾಯಿ. ನಾಲ್ಕು ದಿನ ಇದ್ದು ಹೋಗೋಣವೆಂದು ಬಂದು, ಐದನೆಯ ತಿಂಗಳಿನಲ್ಲಿದ್ದರು. ಮೂವತ್ತು ವರ್ಷ ಶಿಶುವಿಹಾರ ನಡೆಸಿದವರು. ದಿನಕ್ಕೆ ನಲವತ್ತು ಮಕ್ಕಳನ್ನು ಕೈ ಎತ್ತದೆ, ಗದರದೆ, ಬರೀ ಮಾತಿನಲ್ಲೇ ಕೂರಿಸಿದವರು. ಅಳಿಯನನ್ನು ಬಹುವಚನದಲ್ಲಿ ಮಾತಾಡಿಸುತ್ತಿದ್ದರು, ಆದರೆ ಆ ಬಹುವಚನದಲ್ಲಿ ಗೌರವ ಎಷ್ಟಿತ್ತು ಎಂಬುದು ಉಗ್ರಾಣಿಗೆ ಇವತ್ತಿಗೂ ಬಗೆಹರಿದಿಲ್ಲ. ಬೆಳಿಗ್ಗೆಯಿಂದ ಬಟ್ಟೆ ಮಡಚುತ್ತಾ ಎಲ್ಲವನ್ನೂ ನೋಡುತ್ತಿದ್ದರು.

"ಹೇಳಿ ಅತ್ತೆ," ಎಂದ.

"ಮೊದಲನೇ ಸಲ ಹಾಲಿನವರು ಬಾಗಿಲು ಬಡಿದ್ರು. ಎರಡನೇ ಸಲ ನೀವೇ ಎದ್ದು ಹೋಗಿ ಅಲ್ಮೇರಾ ಮುಚ್ಚಿದ್ರಿ. ಆಮೇಲೆ ಲೋಟ ತಗೊಳ್ಳೋಕೆ ಕುರ್ಚಿ ಎಳೆದ್ರಿ. ಆಮೇಲೆ ಮೇಷ್ಟ್ರು ಸೀನಿದ್ರು. ನೆಲ ಅಲುಗಾಡಿದಾಗೆಲ್ಲ ಅದಕ್ಕೆ ಭಯ ಆಗುತ್ತೆ, ಅಷ್ಟೇ."

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ," ಎಂದು ಮೇಷ್ಟ್ರು ನಕ್ಕರು. ನಕ್ಕ ರಭಸಕ್ಕೆ ಪರದೆ ನೀಲಿಯಾಯಿತು. ಮೇಷ್ಟ್ರು ನಗು ನಿಲ್ಲಿಸಿದರು.

ಎಲೆಕ್ಟ್ರಿಷಿಯನ್ ಮತ್ತೆ ತಗಡು ಬಿಚ್ಚಿದ. ದಪ್ಪ ವೈರಿನ ಕಟ್ಟು ಬೋರ್ಡಿಗೆ ಸೇರುವಲ್ಲಿ ಮೊದಲೇ ಸಡಿಲವಾಗಿತ್ತು, ಈಗ ಕೊಂಡಿಯೂ ಇರಲಿಲ್ಲ. ಟೇಪು ಸುತ್ತಿದರು, ರಬ್ಬರ್ ಬ್ಯಾಂಡ್ ಹಾಕಿದರು, ಬಟ್ಟೆ ಒಣಗಿಸುವ ಕ್ಲಿಪ್ಪು ಸಿಕ್ಕಿಸಿದರು. ಯಾವುದಕ್ಕೂ ಬಗ್ಗದ ಯಂತ್ರ ಬೆರಳಿಗೆ ಒಲಿಯಿತು. ಹೆಬ್ಬೆರಳಿನಿಂದ ಒತ್ತಿ ಹಿಡಿದರೆ ನಡೆಯುತ್ತಿತ್ತು, ಬಿಟ್ಟರೆ ನೀಲಿ. ಫ್ಯಾನಿನ ರೆಕ್ಕೆ ಮುರಿದದ್ದರಿಂದ ಗಾಳಿಯೂ ಬೇಕಿತ್ತು. ಟೇಬಲ್ ಫ್ಯಾನ್ ಇಟ್ಟರೆ ಅದರ ನಡುಕಕ್ಕೇ ನೀಲಿ.

ಅತ್ತೆ ಎದ್ದು ನಿಂತರು. ಮೂರು ಮುಕ್ಕಾಲಿಗೆ ಎಲ್ಲರೂ ಅವರವರ ಜಾಗದಲ್ಲಿದ್ದರು. ಎಲೆಕ್ಟ್ರಿಷಿಯನ್ ಕೈಗೆ ರಬ್ಬರ್ ಗವುಸು ಹಾಕಿಕೊಂಡು ಮೇಜಿನ ಕೆಳಗೆ ಅಂಗಾತ ಮಲಗಿ, ಹೆಬ್ಬೆರಳನ್ನು ಪೆಟ್ಟಿಗೆಯೊಳಗಿಟ್ಟಿದ್ದ. ಮೇಷ್ಟ್ರು ಮಂಡಿಯೂರಿ ಕೂತು ತಮ್ಮ ಸರ್ಟಿಫಿಕೇಟಿನಿಂದ ಗಾಳಿ ಬೀಸುತ್ತಿದ್ದರು. ಪ್ಲಾಸ್ಟಿಕ್ ಹೊದಿಸಿದ್ದರಿಂದ ಗಾಳಿ ಚೆನ್ನಾಗಿಯೇ ಬರುತ್ತಿತ್ತು. ಯಾರಾದರೂ ಬಾಗಿಲು ಬಡಿಯುವ ಮೊದಲೇ ತಡೆಯಲೆಂದು ಹೆಂಡತಿ ಮೆಟ್ಟಿಲ ಮೇಲೆ ಕಾವಲು ನಿಂತಿದ್ದಳು. ಅತ್ತೆ ಪರದೆಯಲ್ಲಿ ಕಾಣದಂತೆ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡಿದ್ದರು. ನಡುವೆ ಉಗ್ರಾಣಿ, ಇಸ್ತ್ರಿಯ ಅಂಗಿ ತೊಟ್ಟು, ಉಸಿರನ್ನೂ ಅಳೆದು ಬಿಡುತ್ತಾ ಕೂತಿದ್ದ.

ನಾಲ್ಕಕ್ಕೆ ಸರಿಯಾಗಿ ಪರದೆಯಲ್ಲಿ ಇಬ್ಬರು ಕಾಣಿಸಿಕೊಂಡರು. ಒಬ್ಬರು ಬೋಳುತಲೆಯ ಅಧಿಕಾರಿ, ಇನ್ನೊಬ್ಬರು ಕನ್ನಡಕದ ಮೇಡಂ. ಎಷ್ಟು ವರ್ಷ ಕೆಲಸ ಮಾಡಿದ್ದೀರಿ, ಯಾಕೆ ಬದಲಾವಣೆ ಬೇಕು, ಎಂದೆಲ್ಲ ಕೇಳಿದರು. ಉಗ್ರಾಣಿ ಚೆನ್ನಾಗಿಯೇ ಹೇಳಿದ. ತಾನು ಇಷ್ಟು ಚೆನ್ನಾಗಿ ಮಾತಾಡಬಲ್ಲೆನೆಂದು ಅವನಿಗೇ ಗೊತ್ತಿರಲಿಲ್ಲ. ಇಪ್ಪತ್ತೆಂಟು ನಿಮಿಷ ಕಳೆಯಿತು, ನೀಲಿಯ ಸುಳಿವಿಲ್ಲ.

"ಕೊನೇ ಪ್ರಶ್ನೆ," ಎಂದರು ಮೇಡಂ. "ಎರಡು ಮಹಡಿ ನಡುವೆ ಲಿಫ್ಟ್ ನಿಂತಿದೆ. ಒಳಗೆ ನಾಲ್ಕು ಜನ, ಎಲ್ಲರಿಗೂ ಗಾಬರಿ. ನೀವೇನು ಹೇಳ್ತೀರಿ?"

ಇದಕ್ಕೆ ಉಗ್ರಾಣಿ ಒಂದು ವಾರದಿಂದ ಉತ್ತರ ಬಾಯಿಪಾಠ ಮಾಡಿದ್ದ. ಬಾಯಿ ತೆರೆದ. ಅದೇ ಕ್ಷಣಕ್ಕೆ ಮೇಜಿನ ಕೆಳಗಿನಿಂದ "ಅಯ್ಯಯ್ಯೋ, ಕಾಲು! ಕಾಲು ಹಿಡ್ಕೊಂಡ್ತು!" ಎಂಬ ನರಳಾಟ ಕೇಳಿಸಿತು. ಆ ಕಡೆ ಮೇಷ್ಟ್ರ ಮೂಗು ಅರಳತೊಡಗಿತು, ಕಣ್ಣು ಅರ್ಧ ಮುಚ್ಚಿತು. ಮಧ್ಯಾಹ್ನದ ಸೀನಿನ ತಮ್ಮ ಬರುತ್ತಿದ್ದ. ಉಗ್ರಾಣಿಯ ತಲೆಯಲ್ಲಿದ್ದ ಉತ್ತರ ಹಾರಿಹೋಯಿತು. ಅವನು ಬಾಯಿ ತೆರೆದುಕೊಂಡೇ ಕೂತ.

"ಯಾರೂ ಅಲ್ಲಾಡಬೇಡಿ," ಎಂದಿತು ಅತ್ತೆಯ ಧ್ವನಿ. ಏರಲೂ ಇಲ್ಲ, ಇಳಿಯಲೂ ಇಲ್ಲ. "ಏನೂ ಆಗಲ್ಲ. ನಾನಿಲ್ಲೇ ಇದ್ದೀನಿ. ಕಾಲು ನೋಯ್ತಿರೋರು ಪಾದದ ಬೆರಳನ್ನ ನಿಮ್ಮ ಕಡೆಗೆ ಎಳ್ಕೊಳ್ಳಿ. ಮೆಲ್ಲಗೆ. ಹಾಂ, ಜಾಣರು. ಮೂಗು ತುರಿಸ್ತಿರೋರು ಎಡಗೈಯಲ್ಲಿ ಮೂಗು ಒತ್ತಿಕೊಳ್ಳಿ, ಬಲಗೈ ಕೆಲಸ ನಿಲ್ಲಿಸಬೇಡಿ. ಈಗ ಎಲ್ಲರೂ ನನ್ನ ಜೊತೆ ಹತ್ತರ ತನಕ ಎಣಿಸೋಣ. ಒಂದು... ಎರಡು..."

ಎಲ್ಲರೂ ಎಣಿಸಿದರು. ಎಲೆಕ್ಟ್ರಿಷಿಯನ್ ಎಣಿಸಿದ, ಮೇಷ್ಟ್ರು ಮೂಗಿನಲ್ಲೇ ಎಣಿಸಿದರು, ಉಗ್ರಾಣಿ ಎಣಿಸಿದ. ಪರದೆಯಲ್ಲಿದ್ದ ಬೋಳುತಲೆಯ ಅಧಿಕಾರಿಯೂ ಆರರವರೆಗೆ ಎಣಿಸಿ, ಆಮೇಲೆ ನೆನಪಾಗಿ ನಿಲ್ಲಿಸಿದರು. ಹತ್ತಾಗುವಷ್ಟರಲ್ಲಿ ಕಾಲಿನ ನೋವು ಇಳಿದಿತ್ತು, ಸೀನು ಬಂದ ದಾರಿಯಲ್ಲೇ ಹಿಂತಿರುಗಿತ್ತು.

"ಆಯ್ತು, ತಿಳಿಸ್ತೀವಿ," ಎಂದು ಮೇಡಂ ಸಂಪರ್ಕ ಮುಗಿಸಿದರು. ಯಂತ್ರ ಮೂವತ್ತೊಂದು ನಿಮಿಷ ಬಿಡದೆ ನಡೆದಿತ್ತು.

ಎಲೆಕ್ಟ್ರಿಷಿಯನ್ ಬೆರಳು ತೆಗೆದ, ಪರದೆ ನೀಲಿಯಾಯಿತು, ಯಾರೂ ಲೆಕ್ಕಿಸಲಿಲ್ಲ. ಮೇಷ್ಟ್ರು ಉಗ್ರಾಣಿಯನ್ನು ತಬ್ಬಿಕೊಂಡು, ತಡೆದಿಟ್ಟಿದ್ದ ಸೀನನ್ನು ಅವನ ಇಸ್ತ್ರಿಯ ಅಂಗಿಯ ಮೇಲೆಯೇ ಸೀನಿದರು. ಉಗ್ರಾಣಿಗೆ ಅದೂ ಇಷ್ಟವಾಯಿತು. ಸಂಪರ್ಕ ಕಡಿಯಲಿಲ್ಲ, ಅಷ್ಟು ಸಾಕು ಎಂದು ಅವನ ಕಣ್ಣು ತುಂಬಿತ್ತು.

ಐದೂವರೆಗೆ ಫೋನು ಬಂತು. ಮೇಡಂ.

"ಅಭಿನಂದನೆ. ಮೂವತ್ತೆರಡು ಜನರನ್ನ ನೋಡಿದ್ವಿ, ನಿಮ್ಮ ಮನೆಯದ್ದೇ ಆಯ್ಕೆ ಆಗಿದೆ."

"ಥ್ಯಾಂಕ್ಸ್ ಮೇಡಂ! ತುಂಬಾ..."

"ಫೋನು ಅವರಿಗೆ ಕೊಡಿ."

"ಯಾರಿಗೆ ಮೇಡಂ?"

"ಎಣಿಸಿದ್ರಲ್ಲ, ಆ ಅಮ್ಮನವರಿಗೆ. ನಮ್ಮ ಸಾಹೇಬರಿಗೆ ಎರಡು ವರ್ಷದಿಂದ ಇದ್ದ ಬಿಪಿ ಇವತ್ತು ಇಳಿದಿದೆಯಂತೆ."

"ಅವರು... ಅವರು ಅರ್ಜಿ ಹಾಕಿಲ್ಲ ಮೇಡಂ!"

"ಪರವಾಗಿಲ್ಲ. ನೀವು ಟೈಪ್ ಮಾಡಿ ಕಳಿಸಿಬಿಡಿ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ. ಇವನದು ಬಾಯಿಯವರೆಗೂ ಬಂದು ಪಕ್ಕದ ಬಾಯಿಗೆ ಹೋಗಿತ್ತು. ಉಗ್ರಾಣಿ ಫೋನನ್ನು ಅತ್ತೆಗೆ ಕೊಟ್ಟ. ಅತ್ತೆ ಗಾಬರಿಯಾಗಲಿಲ್ಲ, ಸಂತೋಷವನ್ನೂ ತೋರಿಸಲಿಲ್ಲ. ಕೆಲಸದ ವೇಳೆ ಕೇಳಿದರು, ಮಧ್ಯಾಹ್ನ ಎಷ್ಟು ಹೊತ್ತು ಬಿಡುವು ಎಂದು ಕೇಳಿದರು.

"ಸೋಮವಾರ ಎಂಟಕ್ಕಾ? ಸರಿ. ಆದರೆ ಈ ಯಂತ್ರಕ್ಕೆ ಒಬ್ಬರು ಬೆರಳು ಹಿಡಿದಿರಬೇಕಲ್ಲಮ್ಮ. ಹೊಸದು ಕಳಿಸ್ತೀರಾ?"

ಆ ಕಡೆಯಿಂದ ಏನೋ ಹೇಳಿದರು. ಅತ್ತೆ ಹೂಂಗುಟ್ಟಿದರು. "ಹೌದಾ, ಯಂತ್ರಕ್ಕೆ ಮಂಜೂರಾತಿ ಬೇಕಾ? ಒಂದೂವರೆ ವರ್ಷ ಆಗುತ್ತಾ? ಮನುಷ್ಯರಿಗೆ ಬೇಡ್ವಾ? ಹಾಗಾದ್ರೆ ನಮ್ಮ ಅಳಿಯಂದಿರು ಹೇಗೂ ನಿಮ್ಮವರೇ. ಅವರನ್ನ ಗೋದಾಮಿಂದ ಇಲ್ಲಿಗೇ ವರ್ಗ ಮಾಡಿಬಿಡಿ... ಆಗುತ್ತಾ? ಒಳ್ಳೇದಾಯ್ತಮ್ಮ."

ಫೋನಿಟ್ಟು ಉಗ್ರಾಣಿಯ ಕಡೆ ತಿರುಗಿದರು. ಅವರ ಮುಖದಲ್ಲಿ ನಿಜವಾದ ಪ್ರೀತಿಯಿತ್ತು.

"ನೀವು ಆಸೆಪಟ್ಟ ಹಾಗೇ ಆಯ್ತು ಅಳಿಯಂದಿರೇ, ಮನೆಯಲ್ಲೇ ಕೆಲಸ. ಮೇಜಿನ ಕೆಳಗೆ ಒಂದು ಚಾಪೆ ಹಾಸ್ಕೊಳ್ಳಿ."