ನಿಂಬೆಹಣ್ಣಿನ ಅಣು

ಡೆಮೊ ಕ್ಲಾಸಿಗೆಂದು ಹೊರಟವರು ಕಡೆಗೆ ಎಲ್ಲಿ ನಿಂತೆವು, ಊಹಿಸಿ ನೋಡೋಣ? ರಸಾಯನಶಾಸ್ತ್ರ ಕಲಿಸಿ ನಿವೃತ್ತನಾದರೂ ಇಂಥವು ನನ್ನ ಬೆನ್ನು ಬಿಟ್ಟಿಲ್ಲ ನೋಡಿ.

ತಯಾರಿಕೆ

ನನ್ನ ಹಳೇ ಶಿಷ್ಯೆಗೆ ಶಹಾಪುರದ ಕಾಲೇಜಿನಲ್ಲಿ ಡೆಮೊ ಕ್ಲಾಸಿತ್ತು. ಅದು ಚೆನ್ನಾಗಿ ಆದರೆ ನೌಕರಿ. ವಿಷಯ, ಪರ್‌ಕ್ಲೋರಿಲ್ ಫ್ಲೋರೈಡ್. ಸುರಪುರದ ನಮ್ಮ ಮನೆಯಲ್ಲೇ ತಾಲೀಮು.

"ಪೊಟ್ಯಾಸಿಯಂ ಪರ್‌ಕ್ಲೋರೇಟನ್ನು ಫ್ಲೋರೋಸಲ್ಫ್ಯೂರಿಕ್ ಆಮ್ಲದೊಂದಿಗೆ ಕಾಸಿದರೆ ಗ್ಯಾಸ್ ಬರುತ್ತದೆ" ಎಂದಳು.

ಅಡುಗೆಮನೆಯಿಂದ ನನ್ನಾಕೆ, "ಸಿಲಿಂಡರ್ ಇನ್ನಾ ಬಂದಿಲ್ಲ. ಮನ್ಯಾಗ ಮಾಡಾಕ ಬರ್ತಿದ್ರ ಮೊದಲ ಹೇಳಬಾರ್ದೇನ್ರಿ?"

"ಇದು ಅಂಥಾ ಗ್ಯಾಸ್ ಅಲ್ಲ. ತಾನು ಉರಿಯಂಗಿಲ್ಲ, ಉಳದವ್ರನ್ನ ಉರಸ್ತದ" ಎಂದೆ.

"ನಿಮ್ಮ ಅಕ್ಕನಂಗ ಅನ್ರಿ."

ಬಾಂಡು

ಶಹಾಪುರದ ಬಸ್ಸಿನಲ್ಲೂ ಶಿಷ್ಯೆಯ ಜಪ ನಿಲ್ಲಲಿಲ್ಲ. "ಮೂರು ಡಬಲ್ ಬಾಂಡ್, ಒಂದು ಸಿಂಗಲ್ ಬಾಂಡ್."

ಪಕ್ಕದಲ್ಲಿದ್ದವರು ತಹಶೀಲ್ ಕಚೇರಿ ಮುಂದೆ ಬಾಂಡ್ ಬರೆಯುವವರು. ಕಿವಿ ನೆಟ್ಟಗಾಯಿತು. "ಯಾರು ಬರದ್ಕೊಟ್ಟದ್ರಿ?"

"ಕ್ಲೋರಿನ್."

"ಕ್ರಿಶ್ಚಿಯನ್ ಹೆಣ್ಮಗಳಾ? ನಾಕ್ ಮಂದಿಗೆ ಬರದ್ಕೊಟ್ರ ಅಕಿ ಕೈಯಾಗ ಏನ್ ಉಳೀತ್ರಿ?"

ಕ್ಲೋರಿನ್ನಿನ ಏಳೂ ಹೊರ ಎಲೆಕ್ಟ್ರಾನುಗಳು ಬಂಧಗಳಿಗೇ ಹೋಗಿರುತ್ತವೆ. ಶಿಷ್ಯೆ ನಿಜವನ್ನೇ ಹೇಳಿದಳು: "ಏನೂ ಉಳಿದಿಲ್ರಿ."

"ಲಗೂನ ತಕರಾರು ಅರ್ಜಿ ಹಾಕಸ್ರಿ" ಎಂದು ತಮ್ಮ ಕಾರ್ಡು ಕೊಟ್ಟು ಇಳಿದರು.

ರಚನೆ

ಮಾಡೆಲ್ಲು ಅವಳೇ ಮಾಡಿದ್ದು. ನಡುವೆ ಕ್ಲೋರಿನ್ ಎಂದು ನಿಂಬೆಹಣ್ಣು, ಅದಕ್ಕೆ ಚುಚ್ಚಿದ ಮೂರು ಕೆಂಪು ಮೆಣಸಿನಕಾಯಿ ಆಕ್ಸಿಜನ್, ಒಂದು ಹಸಿರು ಫ್ಲೋರಿನ್. ಬೋರ್ಡಿಗೆ ತೂಗುಹಾಕಲು ಕರಿ ದಾರ. ಶಹಾಪುರದಲ್ಲಿ ಆಟೋ ಹತ್ತುವಾಗ, "ಅಣ್ಣಾರ, ಇದನ್ನಷ್ಟು ಹಿಡೀರಿ" ಎಂದು ಚಾಲಕನ ಕೈಗಿಟ್ಟಳು. ಕಾಲೇಜಿನ ಗೇಟಿನಲ್ಲಿ ಇಳಿದು ನೋಡಿದರೆ ಅಣು ಆಟೋದ ಮುಂದೆ ತೂಗಾಡುತ್ತಿದೆ.

"ಬಿಚ್ಚಿ ಕೊಡ್ರಿ. ನನ್ನ ನೌಕರಿ ಅದ ಅದರಾಗ."

"ದೃಷ್ಟಿಗಿ ಕಟ್ಟಿದ್ದು ಬಿಚ್ಚಬಾರ್ದ್ರಿ ಅಕ್ಕಾರ. ನಂದೂ ಹೊಟ್ಟಿಪಾಡು ಅದ."

ಗದ್ದಲ ಕೇಳಿ ಪ್ರಾಂಶುಪಾಲರೇ ಹೊರಬಂದರು. ಹುಡುಗಿ ಧೈರ್ಯ ಮಾಡಿ ಅಲ್ಲೇ ಪಾಠ ಶುರುಮಾಡಿದಳು. ಪ್ರಾಂಶುಪಾಲರು ನಡುವೆ ತಡೆದು ಕೇಳಿದರು: "ಫ್ಲೋರಿನ್ ಎಲ್ಲರಿಗಿಂತ ಜಬರದಸ್ತ್ ಎಲೆಕ್ಟ್ರಾನ್ ಎಳೀತದ. ಮತ್ಯಾಕ ಗೆಲ್ಲಂಗಿಲ್ಲ?"

"ಆ ಕಡಿ ಮೂರು ಮಂದಿ ಕೂಡಿ ಎಳೀತಾರ್ರಿ ಸರ್. ಎರಡೂ ಕಡಿ ಸರಿಸಮ, ಅದಕ್ಕ ದ್ವಿಧ್ರುವ ಹೆಚ್ಚುಕಡಿಮಿ ಸೊನ್ನಿ."

"ನಾಳಿಂದ ಬರ್ರಿ" ಎಂದರು.

ಚಾಲಕ ಬಂಪರಿಗೆ ಕೈಮುಗಿದ. "ಕಟ್ಟಿ ತಾಸಾಗಿಲ್ಲ, ಅಕ್ಕಾರಿಗಿ ನೌಕರಿ ಕೊಡಸ್ತು. ನಂಗೂ ತಿಂಗಳಿಗೊಂದು ಇಂಥಾದ್ದೇ ಮಾಡಿಕೊಡ್ರಿ."

ಅವನದೇನು ತಪ್ಪು? ಮನೆಗೆ ಬಂದು ಕ್ಯಾಲೆಂಡರ್ ನೋಡಿದೆ: ಅವತ್ತು ಅಮಾವಾಸ್ಯೆ, ಅದೂ ಶನಿವಾರ.