ಸಾವಿರದ ನಾನೂರು ಕಿಲೋಮೀಟರಿನಲ್ಲಿ ಹನ್ನೊಂದು ಹೆಜ್ಜೆ

"ಬಸ್ಸಾ? ಅಂಗಳದಲ್ಲಿ ಸ್ವಂತ ಗಾಡಿ ನಿಂತಿರೋವಾಗ ನಿಮ್ಮಪ್ಪ ಬಸ್ಸಲ್ಲಿ ಹೋಗೋದಾ? ನಾನಿರೋದು ಯಾತಕ್ಕೆ?"

ಹೀಗೆ ಎದೆ ತಟ್ಟಿಕೊಂಡು ಹೇಳಿದವನು ನಾನೇ. ಗೊಂಚಿಗ್ ಮೇಷ್ಟ್ರು, ಉಲಾನ್‌ಬಾತರ್ ನಗರದ ಉತ್ತರದ ಗುಡ್ಡದ ಮೇಲಿನ ಶಾಲೆಯಲ್ಲಿ ಇಪ್ಪತ್ತೆಂಟು ವರ್ಷದಿಂದ ಭೂಗೋಳ ಪಾಠ ಮಾಡುತ್ತಿರುವವನು. ದೇಶದ ಅಷ್ಟೂ ಹೊಳೆ, ಅಷ್ಟೂ ಕಣಿವೆ ನನಗೆ ಬಾಯಿಪಾಠ. ಕಣ್ಣಾರೆ ಕಂಡದ್ದು ಮಾತ್ರ ಬಹಳ ಕಡಿಮೆ. ಆದರೆ ಅದನ್ನು ಹೆಂಡತಿಯ ಎದುರು ಒಪ್ಪಿಕೊಳ್ಳಲಾದೀತೇ!

ಸಂಗತಿ ನಗುವಂಥದ್ದಲ್ಲ. ನನ್ನ ಮಾವ, ಅಂದರೆ ಹೆಂಡತಿ ತ್ಸೆವೆಲ್ಮಾಳ ತಂದೆ, ಎಂಬತ್ತು ದಾಟಿದ ಕುರಿಗಾಹಿ. ಅತ್ತೆ ತೀರಿಕೊಂಡ ಮೇಲೆ ನಮ್ಮಲ್ಲಿಗೆ ಬಂದು ಮೂರು ಚಳಿಗಾಲ ಈ ಊರಿನ ಕಲ್ಲಿದ್ದಲ ಹೊಗೆ ಕುಡಿದರು. ಸೆಪ್ಟೆಂಬರಿನಲ್ಲಿ ಡಾಕ್ಟರು ಅವರ ಎದೆಯ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿ, "ಎಲ್ಲಿಗಾದ್ರೂ ಕರ್ಕೊಂಡು ಹೋಗ್ಬೇಕು ಅಂತಿದ್ರೆ ಈಗ್ಲೇ ಹೋಗಿ. ತಿಂಗಳುಗಟ್ಟಲೆ ಕಾಯೋ ಹಾಗಿಲ್ಲ" ಎಂದರು. ಮಾವ ಅಳಲಿಲ್ಲ. "ಹೊವ್ದ್‌ಗೆ ಹೋಗ್ತೀನಿ. ನಾನು ಹುಟ್ಟಿದ ಕಣಿವೇಲಿ ಒಂದು ಬಟ್ಟಲು ನೀರು ಕುಡಿದ್ರೆ ಸಾಕು. ಆಮೇಲೆ ಏನಾದ್ರೂ ಆಗ್ಲಿ" ಎಂದರು. ಹೊವ್ದ್ ದೇಶದ ಪಶ್ಚಿಮದ ಕೊನೆಯಲ್ಲಿದೆ. ಸಾವಿರದ ನಾನೂರು ಕಿಲೋಮೀಟರು!

ನನ್ನ ಗಾಡಿ ಮೂವತ್ತೊಂದು ವರ್ಷದ ರಷ್ಯದ ವ್ಯಾನು. ಆರು ವರ್ಷದಿಂದ ಅದು ನೀರಿನ ಕ್ಯಾನು ಮತ್ತು ಕಲ್ಲಿದ್ದಲ ಮೂಟೆ ಹೊತ್ತು ಗುಡ್ಡ ಹತ್ತಿ ಇಳಿದದ್ದು ಬಿಟ್ಟರೆ ಬೇರೆ ಲೋಕ ಕಂಡದ್ದಿಲ್ಲ. ಆದರೂ ನಾನು ಗೋಡೆಗೆ ನಕಾಶೆ ತೂಗುಹಾಕಿ, ಕೆಂಪು ಪೆನ್ಸಿಲಿನಿಂದ ಗೆರೆ ಎಳೆದು, ಯಾವ ಹೊಳೆ ಎಲ್ಲಿ ದಾಟಬೇಕು, ಯಾವ ಊರಿನಲ್ಲಿ ಪೆಟ್ರೋಲು ಹಾಕಿಸಬೇಕು ಎಂದೆಲ್ಲ ಬರೆದೆ. ಕೊನೆಗೆ ಘೋಷಿಸಿದೆ: "ಸೋಮವಾರ ಹೊರಟ್ರೆ ಬುಧವಾರ ಸಂಜೆ ಹೊವ್ದ್‌ನಲ್ಲಿ ಚಹಾ!"

ತ್ಸೆವೆಲ್ಮಾ ಹಿಟ್ಟು ನಾದುತ್ತಿದ್ದ ಕೈಯನ್ನೇ ನನ್ನ ಬಾಯಿಗೆ ಅಡ್ಡ ಹಿಡಿದಳು. "ಥೂ! ಹೊರಡೋರು ತಲುಪೋ ದಿನಾನ ಬಾಯ್ಬಿಟ್ಟು ಹೇಳ್ತಾರೇನ್ರೀ? ಅಪ್ಪನ ಜೀವದ ವಿಷಯ ಇದು!"

ಬಾಯಿಗೆ ಹಿಟ್ಟು ಮೆತ್ತಿಕೊಂಡೇ ನಾನು ಅಂಗಳಕ್ಕೆ ಹೋದೆ. ಕೆಲಸ ಇದ್ದದ್ದು ಇಷ್ಟೇ, ಎಂಜಿನ್ ಆಯಿಲ್ ಬದಲಿಸುವುದು! ಪಕ್ಕದ ಬೇಲಿಯ ಚೊಯ್ಜಿಲ್ ಸಹಾಯಕ್ಕೆ ಬಂದ. ಅವನು ನಿವೃತ್ತ ಲಾರಿ ಡ್ರೈವರ್, ಗಾಡಿ ಬಿಚ್ಚುವುದೆಂದರೆ ಪ್ರಾಣ. ಈ ವ್ಯಾನಿನ ಎಂಜಿನ್ ಇರುವುದು ಒಳಗೇ, ಎರಡು ಸೀಟಿನ ನಡುವೆ ಮುಚ್ಚಳದ ಕೆಳಗೆ. ಚೊಯ್ಜಿಲ್ ಮುಚ್ಚಳ ತೆಗೆದ, ಮೂಗು ಹಾಕಿದ, ತಲೆಯಾಡಿಸಿದ.

"ಗೊಂಚಿಗ್, ಇಲ್ಲಿ ಆಯಿಲ್ ಜಿನುಗ್ತಿದೆ."

"ಎಷ್ಟು?"

"ಜಾಸ್ತಿ ಏನಿಲ್ಲ. ಆದ್ರೆ ಹೇಗೂ ಬಿಚ್ಚಿದ್ದೀವಲ್ಲ..."

ಈ 'ಹೇಗೂ ಬಿಚ್ಚಿದ್ದೀವಲ್ಲ' ಎನ್ನುವ ಮಾತಿದೆಯಲ್ಲ, ನನ್ನ ಮನೆ ಹಾಳು ಮಾಡಿದ್ದು ಅದೇ! ಹೇಗೂ ಬಿಚ್ಚಿದ್ದೀವಲ್ಲ ಎಂದು ಪಂಪು ಬಿಚ್ಚಿದ. ಹೇಗೂ ಪಂಪು ಬಿಚ್ಚಿದ್ದೀವಲ್ಲ ಎಂದು ಕಾರ್ಬುರೇಟರ್ ಬಿಚ್ಚಿ ತ್ಸೆವೆಲ್ಮಾಳ ಬಟ್ಟೆ ಒಗೆಯುವ ಬೋಗುಣಿಯಲ್ಲಿ ಪೆಟ್ರೋಲು ಹಾಕಿ ನೆನೆಸಿದ. ಐದನೆಯ ದಿನ ಎಂಜಿನ್ನಿನ ತಲೆಯನ್ನೇ ಕಳಚಿ ಕೈಯಲ್ಲಿ ಹಿಡಿದು, ಗೆದ್ದ ಕುಸ್ತಿಪಟುವಿನಂತೆ ಅಂಗಳದಲ್ಲಿ ನಿಂತ. 'ಹೆಡ್' ಎನ್ನುತ್ತಾರೆ ಅದಕ್ಕೆ. ಹದಿನೆಂಟು ಕಿಲೋ ತೂಕ. ಅದಿಲ್ಲದ ಎಂಜಿನ್ ಬರಿಯ ಕಬ್ಬಿಣದ ತೊಟ್ಟಿ.

"ನಿಮ್ಮ ಜೊತೆ ನಾನೂ ಬರ್ತೀನಿ. ದಾರೀಲಿ ಮೆಕ್ಯಾನಿಕ್ ಬೇಕಲ್ಲ" ಎಂದ ಚೊಯ್ಜಿಲ್.

"ಮೊದಲು ದಾರಿಗೆ ಬರ್ಲಿ ಗಾಡಿ" ಎಂದಳು ತ್ಸೆವೆಲ್ಮಾ. ಅವಳಿಗೆ ನಗುವ ಚೈತನ್ಯ ಇರಲಿಲ್ಲ. ಬೆಳಗಿನ ಜಾವ ಮಾವನ ಕೆಮ್ಮು ಶುರುವಾದರೆ ಅವಳು ಅವರ ಬೆನ್ನು ನೀವುತ್ತ ಕೂರುತ್ತಿದ್ದಳು. ದಿನ ಕಳೆದಂತೆ ಆ ಬೆನ್ನು ಸಣ್ಣದಾಗುತ್ತಿತ್ತು.

ಅಷ್ಟರಲ್ಲಿ ಪಶ್ಚಿಮಕ್ಕೊಂದು ಗಾಡಿ ಹೊರಟಿದೆ ಎಂಬ ಸುದ್ದಿ ಗುಡ್ಡವಿಡೀ ಹಬ್ಬಿತ್ತು. ಹೊವ್ದ್ ಕಡೆಯವರೆಲ್ಲ ಒಬ್ಬೊಬ್ಬರಾಗಿ ಬಂದರು. ಒಬ್ಬರು ತಮ್ಮನಿಗೆ ಟೀವಿ ತಂದುಕೊಟ್ಟರು. ಇನ್ನೊಬ್ಬಾಕೆ ಮಗಳ ಮದುವೆಗೆಂದು ಆಳೆತ್ತರದ ಕನ್ನಡಿ ತಂದು ನಿಲ್ಲಿಸಿ, "ಇನ್ನು ಹದಿನೈದು ದಿನಕ್ಕೆ ಮದುವೆ. ಜೋಪಾನ ಮೇಷ್ಟ್ರೇ!" ಎಂದಳು. ನಾನು ಯಾರಿಗೂ ಇಲ್ಲ ಎನ್ನಲಿಲ್ಲ. ಎಲ್ಲರೂ 'ಮೇಷ್ಟ್ರೇ, ಮೇಷ್ಟ್ರೇ' ಎನ್ನುವಾಗ ಎಂಜಿನ್ನಿಗೆ ತಲೆಯಿಲ್ಲ ಎಂದು ಹೇಗೆ ಹೇಳುವುದು?

ತ್ಸೆವೆಲ್ಮಾ ಲಾಮಾ ಹತ್ತಿರ ಹೋಗಿ ಹೊರಡುವ ದಿನ ಕೇಳಿಕೊಂಡು ಬಂದಳು. ಬುಧವಾರ, ಮಧ್ಯಾಹ್ನದೊಳಗೆ ಹೊರಡಬೇಕು. ಅದು ತಪ್ಪಿದರೆ ಪಶ್ಚಿಮಕ್ಕೆ ಹೊರಡಲು ಒಳ್ಳೆಯ ದಿನ ಇರುವುದು ಹತ್ತೊಂಬತ್ತು ದಿನದ ಮೇಲೆ.

ಬುಧವಾರ ಬೆಳಗಾಯಿತು. ಹೆಡ್ಡಿಗೆ ಅಂಟು ಸವರಿ ನಾವು ವಾಸವಿರುವ ಗುಡಾರದೊಳಗೆ ಒಲೆಯ ಪಕ್ಕ ಒಣಗಲು ಇಟ್ಟಿದ್ದೆವು. ಇನ್ನೂ ಒಂದು ದಿನದ ಕೆಲಸ ಇತ್ತು. ತ್ಸೆವೆಲ್ಮಾ ಅಪ್ಪನ ಮುಖ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. "ಹತ್ತೊಂಬತ್ತು ದಿನ ಅಪ್ಪ ಇರ್ತಾರೇನ್ರೀ?" ಎಂದಳು.

ಆಗ ಹೊಳೆಯಿತು ನೋಡಿ, ಭೂಗೋಳ ಪಂಡಿತನ ಮಹಾ ಉಪಾಯ! ಒಳ್ಳೆಯ ದಿನ ಬೇಕಾದದ್ದು ಹೊರಡುವುದಕ್ಕೆ ತಾನೇ? ಹೊರಡುವುದು ಎಂದರೆ ಗೇಟು ದಾಟುವುದು ತಾನೇ? ನಮ್ಮ ಹಿರಿಯರು ಒಳ್ಳೆಯ ದಿನ ಗುಡಾರ ಬಿಟ್ಟು ಸ್ವಲ್ಪ ದೂರದಲ್ಲಿ ಬೀಡುಬಿಟ್ಟು, ಅನುಕೂಲವಾದಾಗ ಮುಂದೆ ಹೋಗುತ್ತಿರಲಿಲ್ಲವೇ? "ಗಾಡೀನ ತಳ್ಳಿಕೊಂಡು ಗೇಟಿನ ಹೊರಗೆ ನಿಲ್ಲಿಸೋಣ. ಪ್ರಯಾಣ ಶುರುವಾದಂತೆ ಲೆಕ್ಕ!" ಎಂದೆ. ತ್ಸೆವೆಲ್ಮಾಳ ಮುಖ ಅರಳಿತು. ಮದುವೆಯಾದ ಮೇಲೆ ಅವಳು ನನ್ನನ್ನು ಹಾಗೆ ನೋಡಿದ್ದು ಅದು ಎರಡನೆಯ ಸಲ.

ಮಧ್ಯಾಹ್ನಕ್ಕೆ ಐದೇ ನಿಮಿಷ! ಗಡಿಬಿಡಿಯಲ್ಲಿ ಮಾವನನ್ನು ಟೀವಿಗೂ ಕನ್ನಡಿಗೂ ನಡುವೆ ಕಂಬಳಿ ಹಾಸಿ ಮಲಗಿಸಿ, ಮೂವರೂ ಸೇರಿ ವ್ಯಾನನ್ನು ಹೊರಕ್ಕೆ ತಳ್ಳಿದೆವು. ಗೇಟಿನಿಂದ ಸರಿಯಾಗಿ ಹನ್ನೊಂದು ಹೆಜ್ಜೆ. ಚೊಯ್ಜಿಲ್‌ನ ಹೆಂಡತಿ ದುಲ್ಮಾ ಊರಲ್ಲೇ ಉಳಿಯುವವಳಾದ್ದರಿಂದ, ಅವಳೇ ಮರದ ಸೌಟಿನಿಂದ ಚಕ್ರಗಳಿಗೆ ಹಾಲು ಚಿಮುಕಿಸಿ ಹರಸಿದಳು. ನಾನು ಗೇಟಿಗೆ ಬೀಗ ಜಡಿದೆ. ಕಾವಲಿಗೆ ನಮ್ಮ ನಾಯಿ ಖಾಸರ್‌ನನ್ನು ಒಳಗೆ ಬಿಟ್ಟಿದ್ದೆ.

ಹಾಲಿನ ಹನಿ ನೆಲಕ್ಕೆ ಬಿದ್ದದ್ದೇ ತಡ, ಚೊಯ್ಜಿಲ್ ಮೆಲ್ಲಗೆ ಕೇಳಿದ. "ಗೊಂಚಿಗ್, ಹೆಡ್ಡು ಎಲ್ಲಿ?"

ಹೆಡ್ಡು ಒಲೆಯ ಪಕ್ಕದಲ್ಲಿತ್ತು!

"ಒಂದು ನಿಮಿಷ, ತಂದುಬಿಡ್ತೀನಿ" ಎಂದು ಬೀಗದ ಕೈ ತೆಗೆದೆ. ತ್ಸೆವೆಲ್ಮಾ ಎರಡೂ ಕೈ ಚಾಚಿ ಗೇಟಿಗೆ ಅಡ್ಡ ನಿಂತಳು.

"ಹೊರಟೋರು ತಿರುಗಿ ಮನೆ ಒಳಗೆ ಹೋಗ್ತಾರೇನ್ರೀ? ಹಾಲು ಹಾಕಿ ಆಯ್ತು! ನನ್ನ ಅಪ್ಪ ದಾರೀಲೇ ಹೋಗ್ಬಿಟ್ರೆ?"

"ಹನ್ನೊಂದು ಹೆಜ್ಜೆ ಕಣೇ!"

"ಹೊರಟಂತೆ ಲೆಕ್ಕ ಅಂದೋರು ಯಾರು?"

ಅಂದವನು ನಾನೇ. ಮಾವ ಕೂಡ ವ್ಯಾನಿನೊಳಗಿಂದ, "ಹೋಗಿ ತಂದ್ಕೊಳ್ಳಲಿ ಬಿಡೇ" ಎಂದರು. ಅವಳು ಕೇಳಲಿಲ್ಲ. ಅವಳ ಕಣ್ಣಲ್ಲಿದ್ದ ಭಯ ಕಂಡ ಮೇಲೆ ನಾನು ಗೇಟಿನಿಂದ ಹಿಂದೆ ಸರಿದೆ.

ಸರಿ, ಪ್ರಯಾಣ ಹೊರಡದವರು ಯಾರಾದರೂ ಒಳಗೆ ಹೋಗಿ ತರಬಹುದಲ್ಲ? ದುಲ್ಮಾ ಬೀಗ ತೆಗೆದು ಒಂದು ಕಾಲಿಟ್ಟಳು. ಖಾಸರ್ ಬಂತು! ಕಳ್ಳರಿರಲಿ, ಅಂಚೆಯವರಿಗೂ ಅಂಜಿಕೆ ಹುಟ್ಟಿಸುವ ನಾಯಿ ಎಂದು ನಾನೇ ಬೀಗುತ್ತಿದ್ದ ಪ್ರಾಣಿ. ದುಲ್ಮಾಳ ನಿಲುವಂಗಿಯ ಅಂಚು ಅದರ ಬಾಯಲ್ಲಿ ಉಳಿಯಿತು, ದುಲ್ಮಾ ನಮ್ಮ ಬಳಿ ಉಳಿದಳು. ಬೇಲಿಯ ಮೇಲಿಂದ ಪ್ರಯಾಣಕ್ಕೆಂದು ಬೇಯಿಸಿದ್ದ ಕುರಿಮಾಂಸ ಎಸೆದೆ. ಎರಡು ದಿನದಲ್ಲಿ ಅದು ನಮ್ಮ ಬುತ್ತಿಯ ಮಾಂಸ ಅಷ್ಟನ್ನೂ ತಿಂದು, ಮೊದಲಿಗಿಂತ ಬಲವಾಗಿ ಬೊಗಳಿತು. ಲೋಕದಲ್ಲಿ ಅದು ಕಚ್ಚದೆ ಬಿಡುವುದು ನಮ್ಮ ಮನೆಯ ಮೂವರನ್ನು ಮತ್ತು ಬೆಳಗಾದರೆ ಬರುವ ಚೊಯ್ಜಿಲ್‌ನನ್ನು. ನಾಲ್ವರೂ ಪ್ರಯಾಣ ಹೊರಟಿದ್ದೆವು!

ನೀರಿನ ಗಾಡಿ ಎಳೆದುಕೊಂಡು ಹೋಗುವ ನೆರೆಯವರು ದಾರಿಹೋಕರನ್ನು ಮಾತಾಡಿಸುವ ಮರ್ಯಾದೆಯಲ್ಲೇ ಮಾತಾಡಿಸುತ್ತಿದ್ದರು. "ಪ್ರಯಾಣ ಸುಖವಾಗಿ ಸಾಗ್ತಿದೆಯಾ, ಮೇಷ್ಟ್ರೇ?"

"ಸುಖವಾಗಿ ಸಾಗ್ತಿದೆ" ಎಂದು ನಾನೂ ಮರ್ಯಾದೆಯಿಂದ ಹೇಳುತ್ತಿದ್ದೆ.

ಚೊಯ್ಜಿಲ್‌ನ ಹೆಂಡತಿ ಅವನಿಗೆ ಬೇಲಿಯ ಮೇಲಿಂದ ಉಪ್ಪು ಚಹಾ ದಾಟಿಸುತ್ತಿದ್ದಳು. ಅವನೂ ತನ್ನ ಮನೆಗೆ ಹೋಗುವಂತಿರಲಿಲ್ಲ. ಮಾವ ಮಾತ್ರ ಶಾಂತರಾಗಿದ್ದರು. ಎರಡನೆಯ ದಿನ ಕೇಳಿದರು.

"ಅಳಿಯಾ, ಎಲ್ಲಿಗೆ ಬಂದ್ವಿ?"

"ಗೇಟಿನ ಹೊರಗೆ, ಮಾವ."

"ಅವಸರ ಮಾಡ್ಬೇಡ. ದೂರದ ದಾರಿ" ಎಂದು ಕೆಮ್ಮುತ್ತ ನಕ್ಕರು. ನನಗೆ ನೆಲ ಬಾಯ್ಬಿಟ್ಟರೆ ಸಾಕೆನಿಸಿತು.

ಶುಕ್ರವಾರ ಬೆಳಿಗ್ಗೆ ಹಿಟ್ಟಿನ ಲಾರಿಯೊಂದು ಗುಡ್ಡ ಹತ್ತಿ ಬಂತು. ಮದುವೆ ಕನ್ನಡಿಯಾಕೆಗೆ ನನ್ನ ಮೇಲಿನ ನಂಬಿಕೆ ಹೋಗಿತ್ತು. ಹೊವ್ದ್‌ಗೆ ಹೋಗುವ ಆ ಲಾರಿಯವರಿಗೆ ಹೇಳಿ, ಕನ್ನಡಿಯನ್ನು ಎತ್ತಿಕೊಂಡು ಹೋಗಲು ಕಳಿಸಿದ್ದಳು. ಡ್ರೈವರು ಕನ್ನಡಿಗೆ ಕೈ ಹಾಕಿದಾಗ ಮಾವ ಮೊಣಕೈಯೂರಿ ಎದ್ದು ಕೂತರು.

"ತಮ್ಮಾ, ಕನ್ನಡಿ ಜೊತೆ ನನ್ನನ್ನೂ ಹಾಕ್ಕೊಳ್ತೀಯಾ?"

ಲಾರಿಯಲ್ಲಿ ಡ್ರೈವರು, ಅವನ ಜೊತೆಗಾರ, ಸೀಟಿನ ಹಿಂದೆ ಒಬ್ಬರು ಮಲಗುವ ಹಲಗೆ. ಅಷ್ಟೇ ಜಾಗ. ಮಾವನನ್ನು ಎತ್ತಿ ಆ ಹಲಗೆಯ ಮೇಲೆ ಮಲಗಿಸಿದೆವು. ತ್ಸೆವೆಲ್ಮಾ ಅಪ್ಪನ ಮಂಡಿಗೆ ಕಂಬಳಿ ಸುತ್ತಿದಳು, ಒಣಮೊಸರಿನ ಗಂಟನ್ನು ಅವರ ಎದೆಯ ಹತ್ತಿರ ಸಿಕ್ಕಿಸಿದಳು, ಕೆಳಗಿಳಿದು ನನ್ನ ತೋಳು ಹಿಡಿದಳು.

"ಇವತ್ತಿನ ಬಸ್ಸಿಗೆ ನಾನು ಹೋಗ್ಲಾ? ಅಪ್ಪ ತಲುಪೋ ಹೊತ್ತಿಗೆ ನಾನೂ ಅಲ್ಲಿರ್ತೀನಿ."

ಆಗಲಾದರೂ ನಾನು ಬಾಯಿ ಮುಚ್ಚಿಕೊಂಡಿರಬಾರದಿತ್ತೇ? "ಬಸ್ಸ್ಯಾಕೆ? ಚೊಯ್ಜಿಲ್ ಮಾರ್ಕೆಟ್ಟಿನಿಂದ ಬೇರೆ ಹೆಡ್ಡು ತರ್ತಾನೆ, ಸಂಜೆಗೆ ಗಾಡಿ ರೆಡಿ. ದಾರೀಲೇ ಲಾರೀನ ಹಿಂದೆ ಹಾಕ್ತೀವಿ ನೋಡು!" ಎಂದೆ. ಅವಳು ನಂಬಿದಳು. ಅವಳು ನಂಬಿದ್ದು ಈಗಲೂ ನನ್ನ ನಿದ್ದೆ ಕೆಡಿಸುತ್ತದೆ.

ಮಾರ್ಕೆಟ್ಟಿನ ಹೆಡ್ಡು ಬಂತು. ಅದು ಬೇರೆ ಮಾದರಿಯದು, ಬೋಲ್ಟಿನ ತೂತುಗಳು ಒಂದಕ್ಕೂ ಹೊಂದಲಿಲ್ಲ. ಶನಿವಾರ ಇನ್ನೊಂದು ತಂದೆವು. ಅದರಲ್ಲಿ ಬಿರುಕು. "ಮನೆಯ ಹೆಡ್ಡೇ ತರೋಣ ಕಣೇ, ಮಾವ ಹೋಗಿಯಾಯ್ತಲ್ಲ!" ಎಂದು ಗೋಗರೆದೆ.

"ಅಪ್ಪ ಇನ್ನೂ ದಾರೀಲಿದ್ದಾರೆ. ಅದೇ ಹಾಲು ಹಾಕಿಸ್ಕೊಂಡು ಹೊರಟೋರು ನಾವೂ. ಅವರು ತಲುಪೋ ತನಕ ಯಾರೂ ಹಿಂದಕ್ಕೆ ಹೆಜ್ಜೆ ಇಡೋ ಹಾಗಿಲ್ಲ" ಎಂದಳು. ಬಸ್ಸಿನ ವಿಷಯ ವಿಚಾರಿಸಿದರೆ ಸೋಮವಾರದವರೆಗೆ ಸೀಟು ಇರಲಿಲ್ಲ.

ಅಂದು ಮಧ್ಯಾಹ್ನ ದಾರಿಯ ಯಾವುದೋ ಹೋಟೆಲಿನಿಂದ ಮಾವ ಫೋನು ಮಾಡಿದರು. "ಅಳಿಯಾ, ಹೊರಟ್ರಾ?"

"ಹೊರಟು ಮೂರು ದಿನ ಆಯ್ತಲ್ಲ, ಮಾವ!" ಎಂದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಹೆಂಡತಿಯ ಮುಖ ನೋಡಲಾಗದೆ ಎಂಜಿನ್ ತೊಟ್ಟಿಯೊಳಗೆ ಟಾರ್ಚು ಬಿಟ್ಟುಕೊಂಡು ಕೂತೆ.

ಸೋಮವಾರ ಬೆಳಿಗ್ಗೆ ಮತ್ತೆ ಫೋನು. ಈ ಸಲ ಹೊವ್ದ್‌ನಿಂದ ತ್ಸೆವೆಲ್ಮಾಳ ಚಿಕ್ಕಪ್ಪನ ಮಗ. ಅವಳು ಕೊನೆಯವರೆಗೆ ಕೇಳಿಸಿಕೊಂಡಳು. ಫೋನನ್ನು ಮಡಿಲಲ್ಲಿಟ್ಟುಕೊಂಡಳು.

"ನಿನ್ನೆ ಸಂಜೆ ತಲುಪಿದ್ರಂತೆ. ಹೊಳೆ ಹತ್ತಿರ ಕೂರಿಸಿ ಅಂದ್ರಂತೆ. ನೀರು ಕುಡಿದ್ರಂತೆ, ಎರಡು ಬಟ್ಟಲು. ರಾತ್ರಿ ಮಲಗಿದೋರು ಬೆಳಿಗ್ಗೆ ಏಳಲಿಲ್ಲವಂತೆ."

ಚೊಯ್ಜಿಲ್ ಟೋಪಿ ತೆಗೆದ. ತ್ಸೆವೆಲ್ಮಾ ವ್ಯಾನಿನಿಂದಿಳಿದು, ನನ್ನ ಜೇಬಿನಿಂದ ಬೀಗದ ಕೈ ತೆಗೆದುಕೊಂಡು, ಗೇಟು ತೆರೆದು ನೆಟ್ಟಗೆ ಒಳಗೆ ಹೋದಳು. ಖಾಸರ್ ಬಾಲ ಅಲ್ಲಾಡಿಸುತ್ತ ಅವಳ ಹಿಂದೆ ಹೋಯಿತು. ಹದಿನೆಂಟು ಕಿಲೋ ಕಬ್ಬಿಣವನ್ನು ಎದೆಗವಚಿಕೊಂಡು ಬಂದು ನನ್ನ ತೊಡೆಯ ಮೇಲಿಟ್ಟಳು. ಇಡೀ ಕೆಲಸಕ್ಕೆ ಎರಡು ನಿಮಿಷವೂ ಹಿಡಿಯಲಿಲ್ಲ.

ನಾನು ಸ್ಪ್ಯಾನರ್ ಹುಡುಕುತ್ತ ಕೇಳಿದೆ. "ಮಾವ... ಕೊನೇಲಿ ಏನಾದ್ರೂ ಹೇಳಿದ್ರಂತಾ?"

"ನಂಗೆ ಏನೂ ಹೇಳಿಲ್ಲ" ಎಂದಳು. "ಮಲಗೋ ಮುಂಚೆ ನಿಮಗೆ ಹೇಳಿ ಕಳಿಸಿದ್ದಾರೆ. 'ಅಳಿಯ ಗಾಡೀನ ಚೆನ್ನಾಗಿ ರೆಡಿ ಮಾಡ್ಕೊಳ್ಳಲಿ, ಇನ್ನು ನನಗೇನೂ ಅವಸರ ಇಲ್ಲ' ಅಂತ."